ಹಳೆಯ ರಸೀದಿ ನೋಡಿ ಮನೆ ಕೊಳ್ಳಬೇಡಿ

ಕಳೆದ ವರ್ಷ ಒಂದು ರಾತ್ರಿ ಭಾವನ ಫೋನ್ ಬಂತು. ಅವರು ಮಹಾರಾಷ್ಟ್ರದ ಉಮರ್ಗಾ ತಾಲೂಕಿನ ದಾಳಿಂಬದ ಆಸುಪಾಸಿನಲ್ಲಿ ಬೇಕರಿ ಇಟ್ಟುಕೊಂಡು ಬಹಳ ವರ್ಷಗಳಾದವು. ಬಂಟ್ವಾಳದ ಕಡೆ ತಂದೆಯ ಕಾಲದ ಮನೆ ಇದೆ. ಆದರೆ ಅಲ್ಲಿ ಬಾಡಿಗೆ ಕೊಟ್ಟು ಕೊಟ್ಟು ಸಾಕಾಗಿ, ಹತ್ತಿರದ ಹಳ್ಳಿಯೊಂದರಲ್ಲಿ ಎರಡನೇ ಮನೆ ಕೊಂಡಿದ್ದರು. ಅಕ್ಕನ ಬಳೆಗಳೂ ಆ ಮನೆಗೆ ಹೋಗಿವೆ.

"ಮಾರಿದವನು ತೋರಿಸಿದ ರಸೀದಿಗಿಂತ ನಾಲ್ಕು ಪಟ್ಟು ತೆರಿಗೆ ಹಾಕಿದ್ದಾರೆ ಮಾರಾಯ. ಹೊರಗಿನವರು ಅಂತ ಹೀಗೆ ಮಾಡಿದ್ದು" ಎಂದರು. ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು.

ಅದು ಗಡಿ ಸೀಮೆ. ಅಂಗಡಿಯಲ್ಲಿ ಕನ್ನಡ ನಡೆಯುತ್ತದೆ, ಕಾಗದವೆಲ್ಲ ಮರಾಠಿ. ಹಾಗಿರುವಾಗ ಇಂಥ ಅನುಮಾನ ಬರುವುದು ಸಹಜ. ನಾನು ಹೇಳಿದ್ದು ಒಂದೇ ಮಾತು: "ಭಾವ, ಜಗಳಕ್ಕೆ ಹೋಗುವ ಮೊದಲು ನಮುನಾ 8 ತೆಗೆಸಿ, ಮರಾಠಿ ಬಲ್ಲವರೊಬ್ಬರಿಂದ ಓದಿಸಿ."

ನಮ್ಮ ಜಿಲ್ಲೆಯಲ್ಲಿ ಪಂಚಾಯತ್ ಮನೆ ಎಂದರೆ ಎಲ್ಲರ ಬಾಯಲ್ಲೂ 9/11 ಇರುವ ಹಾಗೆ, ಅಲ್ಲಿ ನಮುನಾ 8. ಮನೆ ಯಾರದು, ಎಷ್ಟು ದೊಡ್ಡದು, ಗೋಡೆ ಯಾವುದು, ಮಾಡು ಯಾವುದು, ಎಷ್ಟು ತೆರಿಗೆ ಎಂಬುದೆಲ್ಲ ಅದರಲ್ಲಿರುತ್ತದೆ. ಭಾವನ ಕೈಗೆ ಬಂದ ಪ್ರತಿಯಲ್ಲಿ ಕಥೆ ಸ್ಪಷ್ಟವಾಗಿತ್ತು. ಹಿಂದಿನ ದಾಖಲೆಯಲ್ಲಿ ಇದ್ದದ್ದು ಮಣ್ಣಿನ ಗೋಡೆ, ತಗಡಿನ ಮಾಡು. ಮಾರಿದವನು ಅದನ್ನು ಕೆಡವಿ ಸ್ಲ್ಯಾಬ್ ಮನೆ ಕಟ್ಟಿ, ಎದುರಿಗೆ ಒಂದು ಅಂಗಡಿ ಕೋಣೆ ಹಾಕಿದ್ದ. ತೆರಿಗೆ ಮಾತ್ರ ಹಳೆಯ ಮನೆಗೇ ಕಟ್ಟುತ್ತಿದ್ದ. ಭಾವ ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಟ್ಟಾಗ ಮನೆಯ ಹೊಸ ಅಳತೆಯಾಯಿತು. ಜೊತೆಗೆ ಒಂದಿಷ್ಟು ಹಳೆಯ ಬಾಕಿಯೂ ಸೇರಿಕೊಂಡಿತ್ತು.

ಮಹಾರಾಷ್ಟ್ರದ ಗ್ರಾಮ ಪಂಚಾಯತ್‌ಗಳಲ್ಲಿ 2015ರ ಕೊನೆಯಲ್ಲಿ ಬಂದ ನಿಯಮದಂತೆ ಮನೆ ತೆರಿಗೆ ನಿಲ್ಲುವುದು ಆಸ್ತಿಯ ಬಂಡವಾಳ ಮೌಲ್ಯದ ಮೇಲೆ. ಸರಕಾರದ ರೆಡಿ ರೆಕನರ್ ದರ, ಮನೆಯ ಅಳತೆ, ಕಟ್ಟಡದ ಬಗೆ, ವಯಸ್ಸು, ಬಳಕೆ ಎಲ್ಲ ಲೆಕ್ಕಕ್ಕೆ ಬರುತ್ತವೆ. ವಾಸದ ಕೋಣೆಗಿಂತ ಅಂಗಡಿಗೆ ಹೆಚ್ಚು ಬೀಳುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಪಟ್ಟಿ ಪರಿಷ್ಕರಣೆಯಾಗುತ್ತದೆ, ಆಕ್ಷೇಪ ಹೇಳಲು ಅವಕಾಶವಿದೆ, ಅಲ್ಲಿ ಆಗದಿದ್ದರೆ ಪಂಚಾಯತ್ ಸಮಿತಿಗೆ ಮೇಲ್ಮನವಿ ಕೊಡಬಹುದು. ಇದರಲ್ಲಿ ಹೊರಗಿನವರು, ಒಳಗಿನವರು ಎಂಬ ಕಲಮು ಇಲ್ಲ. ಎರಡನೇ ಮನೆ ಎಂಬ ಕಲಮೂ ಇಲ್ಲ.

ಇದನ್ನು ಇಲ್ಲಿ ಬರೆಯಲು ಕಾರಣವಿದೆ. ನಮ್ಮ ಬ್ಯಾರಿ ಕುಟುಂಬಗಳಲ್ಲಿ ಎರಡನೇ ಮನೆ ಈಗ ಅಪರೂಪವಲ್ಲ. ಊರಲ್ಲಿ ತರವಾಡು ಮನೆ, ಮಕ್ಕಳ ಶಾಲೆ ಕಾಲೇಜಿಗೆಂದು ಮಂಗಳೂರಿನಲ್ಲಿ ಒಂದು ಫ್ಲ್ಯಾಟ್. ದುಡಿಯುವವರು ಗಲ್ಫಿನಲ್ಲಿ, ಬೀಗದ ಕೈ ಉಮ್ಮನ ಹತ್ತಿರ. ಕೊಳ್ಳುವಾಗ ಬೆಲೆ, ನೋಂದಣಿ ಖರ್ಚು, ಬ್ಯಾಂಕ್ ಕಂತು ಎಲ್ಲ ಕೂಡಿಸುತ್ತೇವೆ. ತೆರಿಗೆಯ ಮಾತು ಬಂದಾಗ ಹಳೆಯ ರಸೀದಿ ನೋಡಿ "ಇಷ್ಟೇ ಅಲ್ವಾ" ಎಂದು ಮಡಚಿ ಇಡುತ್ತೇವೆ. ಆ ರಸೀದಿ ಹೇಳುವುದು ಹಿಂದಿನವನು ಏನು ಕಟ್ಟಿದ ಎಂಬುದನ್ನು ಮಾತ್ರ. ನಾವು ಏನು ಕಟ್ಟಬೇಕಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ಕರ್ನಾಟಕದ ನಗರಗಳಲ್ಲೂ ಲೆಕ್ಕ ಬದಲಾಗಿದೆ. ಬೆಂಗಳೂರು ಬಿಟ್ಟು ಉಳಿದ ಕಡೆ, ಮೊದಲು 2005-06ರ ಮಾರ್ಗಸೂಚಿ ದರವನ್ನು ಹಿಡಿದು, ಮೂರು ವರ್ಷಕ್ಕೊಮ್ಮೆ ಏರಿಸುತ್ತಿದ್ದರು. 2021ರಿಂದ ಚಾಲ್ತಿ ಮಾರ್ಗಸೂಚಿ ದರದ ಶೇ 25ನ್ನು ಮೂಲವಾಗಿಟ್ಟು, ವರ್ಷ ವರ್ಷವೂ ಶೇ 3ರಿಂದ 5ರಷ್ಟು ಏರಿಸುವ ಪದ್ಧತಿ ಬಂತು. 2023ರ ಅಕ್ಟೋಬರ್ 1ರಿಂದ ಮಾರ್ಗಸೂಚಿ ದರವೇ ಪರಿಷ್ಕರಣೆಯಾಯಿತು. ತೆರಿಗೆಯ ಮೇಲೆ ಆರೋಗ್ಯ ಶೇ 15, ಗ್ರಂಥಾಲಯ ಶೇ 6, ಭಿಕ್ಷುಕರ ಪುನರ್ವಸತಿ ಶೇ 3 ಎಂದು ಒಟ್ಟು ಶೇ 24ರ ಸೆಸ್ ಇದೆ. ಕಸ ವಿಲೇವಾರಿಯ ಶುಲ್ಕ ಬೇರೆ.

ಬೆಂಗಳೂರಿನಲ್ಲಿ ಮನೆ ಕೊಂಡು ಬಾಡಿಗೆಗೆ ಬಿಡುವವರು ಇನ್ನೊಂದು ವಿಷಯ ತಿಳಿದಿರಬೇಕು. ಅಲ್ಲಿ 2008ರಲ್ಲಿ ತಂದ ಪದ್ಧತಿಯಲ್ಲಿ ಬಾಡಿಗೆ ಮನೆಯ ದರ ಸ್ವಂತ ವಾಸದ ಮನೆಯ ಎರಡರಷ್ಟು. ಎ ವಲಯದ ಆರ್‌ಸಿಸಿ ಮನೆಗೆ ಆಗ ಚದರ ಅಡಿಗೆ ಸ್ವಂತಕ್ಕಾದರೆ ಎರಡೂವರೆ ರೂಪಾಯಿ, ಬಾಡಿಗೆಗಾದರೆ ಐದು ಇತ್ತು. ಮಾರಿದವರು ತಾವೇ ವಾಸವಿದ್ದು ಕಟ್ಟಿದ ರಸೀದಿ ನಿಮ್ಮ ಬಾಡಿಗೆ ಮನೆಗೆ ಹೊಂದುವುದಿಲ್ಲ. "ಯಾರು ಬಂದು ನೋಡುತ್ತಾರೆ" ಎಂದು ಸ್ವಂತ ವಾಸ ಎಂದೇ ಬರೆದವರಿಗೆ ಮುಂದೆ ವ್ಯತ್ಯಾಸದ ಮೊತ್ತ, ದಂಡ, ಬಡ್ಡಿ ಎಲ್ಲ ಒಟ್ಟಿಗೆ ಬರುತ್ತದೆ.

ಬೇರೆ ದೇಶಗಳಲ್ಲಿ ಎರಡನೇ ಮನೆಗೆ ಬೇಕೆಂದೇ ಹೆಚ್ಚು ಹಾಕುವುದುಂಟು. ಇಂಗ್ಲೆಂಡಿನಲ್ಲಿ 2025ರ ಏಪ್ರಿಲ್‌ನಿಂದ ಸ್ಥಳೀಯ ಸಂಸ್ಥೆಗಳು ಅಂಥ ಮನೆಗೆ ಕೌನ್ಸಿಲ್ ತೆರಿಗೆಯನ್ನು ದುಪ್ಪಟ್ಟು ಮಾಡಬಹುದು. ಅಲ್ಲಿ ಅದು ಎಲ್ಲರಿಗೂ ತಿಳಿದ ನಿಯಮ. ನಮ್ಮಲ್ಲಿ ಅಂಥ ನಿಯಮವಿಲ್ಲದೆಯೂ ಹೊರೆ ಹೆಚ್ಚುವುದಕ್ಕೆ ಕಾರಣ, ಕೊಳ್ಳುವ ದಿನ ಯಾರೂ ಹೇಳದಿರುವುದು.

ಇಲ್ಲಿ ಸರಕಾರಗಳ ತಪ್ಪೂ ಇದೆ. ನೋಂದಣಿಯ ದಿನ ಮುದ್ರಾಂಕ ಶುಲ್ಕವನ್ನು ರೂಪಾಯಿ ಬಿಡದೆ ಲೆಕ್ಕ ಹಾಕುತ್ತಾರೆ. ಅದೇ ಗಣಕಯಂತ್ರದಿಂದ ಮುಂದಿನ ವರ್ಷದ ಅಂದಾಜು ತೆರಿಗೆಯ ಒಂದು ಚೀಟಿ ಕೊಡಲು ಏನು ಕಷ್ಟ? ಹಳೆಯ ಕಟ್ಟಡ, ಹೊಸ ಕಟ್ಟಡ, ಬಾಕಿ ಎಲ್ಲವನ್ನೂ ಕೊಳ್ಳುವವನ ಕಣ್ಣಿಗೆ ಕಾಣುವಂತೆ ಮಾಡಬೇಕು. ತೆರಿಗೆ ಹೆಚ್ಚಾಯಿತೆಂದು ನಾನು ದೂರುವುದಿಲ್ಲ. ರಸ್ತೆ, ನೀರು, ಬೀದಿದೀಪ ಅದರಿಂದಲೇ ಬರಬೇಕು. ಮುಚ್ಚಿಟ್ಟು ಆಮೇಲೆ ಕೇಳುವುದಷ್ಟೇ ತಪ್ಪು.

ಅದು ಬದಲಾಗುವವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಮುಂಗಡ ಕೊಡುವ ಮೊದಲು ದಾಖಲೆಯ ಕಟ್ಟಡವೂ ಕಣ್ಣೆದುರಿನ ಕಟ್ಟಡವೂ ಒಂದೇ ಹೌದೇ ಎಂದು ನೋಡಿ. ಬಾಕಿ ಇಲ್ಲ ಎಂಬ ಬರಹ ಕಚೇರಿಯಿಂದಲೇ ಪಡೆಯಿರಿ, ಮಾರುವವರ ಬಾಯಿ ಮಾತು ಸಾಲದು. ಏಪ್ರಿಲ್‌ನಲ್ಲಿ ಕಟ್ಟಿದರೆ ನಮ್ಮ ನಗರಗಳಲ್ಲಿ ಶೇ 5 ರಿಯಾಯಿತಿ ಇದೆ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ. ಗಲ್ಫಿನಲ್ಲಿರುವವರು ಇದನ್ನು ಉಮ್ಮನ ತಲೆಗೆ ಹೊರಿಸಬಾರದು, ಫೋನಿನಲ್ಲೇ ಕಟ್ಟಬಹುದು. ರಸೀದಿಗಳನ್ನು ಒಂದೇ ಕಡೆ ಇಡಿ. ನಾಳೆ ಆಸ್ತಿ ಪಾಲಾಗುವಾಗ ಮನೆಯ ಜೊತೆ ಅದರ ಬಾಕಿಯೂ ಮಕ್ಕಳಿಗೆ ಬರುತ್ತದೆ.

ಭಾವ ಕೊನೆಗೆ ಹೊಸ ತೆರಿಗೆ ಕಟ್ಟಿದರು. ಅಂಗಡಿ ಕೋಣೆಯ ಅಳತೆ ತಪ್ಪಾಗಿತ್ತು, ಅದಕ್ಕೆ ಆಕ್ಷೇಪ ಕೊಟ್ಟು ಸರಿ ಮಾಡಿಸಿಕೊಂಡರು. ಆ ಅರ್ಜಿಯನ್ನು ಮರಾಠಿಯಲ್ಲಿ ಬರೆದುಕೊಟ್ಟವರು ಅದೇ ಹಳ್ಳಿಯ ಪಕ್ಕದ ಮನೆಯವರು.