ರಸ್ತೆ ಮೊದಲು ಕೆಡುವುದು ಕಾಗದದ ಮೇಲೆ

ಬೋರಾಮಣಿ: ಸೊಲ್ಲಾಪುರ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ (ಹಿಂದಿನ 9, ಈಗಿನ 65) ನಮ್ಮೂರ ಮಗ್ಗುಲಲ್ಲೇ ನಾಲ್ಕು ಪಥವಾಗಿ ಹಾದುಹೋಗಿದೆ. ಅತ್ತ ಅಕ್ಕಲಕೋಟ ರಸ್ತೆಯೂ ಅಗಲವಾಗಿದೆ. ಆದರೆ ಹೆದ್ದಾರಿ ಬಿಟ್ಟು ವಸ್ತಿಗಳ ಕಡೆ ಹೊರಳಿದರೆ ಮಾತೇ ಬೇರೆ. ದೀಪಾವಳಿಗೆ ಡಾಂಬರು ಕಂಡ ರಸ್ತೆ ಮುಂದಿನ ಶ್ರಾವಣದೊಳಗೆ ಎದ್ದು ಹೋಗಿರುತ್ತದೆ. ಕಟ್ಟೆಯ ಮೇಲೆ ಕೂತವರದು ಆಗ ಒಂದೇ ಮಾತು: 'ಠೇಕೇದಾರ ತಿಂದಾನ.' ತಿಂದಿರಲೂಬಹುದು. ಆದರೆ ಹಾಗೆಂದು ಕೈ ಝಾಡಿಸಿ ಮನೆಗೆ ಹೋಗುವ ಮೊದಲು ಒಂದು ಕಾಗದ ನೋಡಬೇಕು. ಅದೇ ಅಂದಾಜು ಪತ್ರಿಕೆ. ಮರಾಠಿ ಕಚೇರಿಯಲ್ಲಿ ಅದಕ್ಕೆ 'ಅಂದಾಜಪತ್ರಕ' ಎನ್ನುತ್ತಾರೆ.

ಹೆಸರು ಅಂದಾಜು ಎಂದಿದ್ದರೂ ಇದು ಕಣ್ಣಳತೆಯಲ್ಲ. ಎಷ್ಟು ಮಣ್ಣು, ಎಷ್ಟು ಮುರುಮ, ಎಷ್ಟು ಖಡಿ, ಎಷ್ಟು ಡಾಂಬರು ಎಂದು ಅಳತೆ ಬರೆದು, ಅದಕ್ಕೆ ದರ ಹಚ್ಚಿ ಗುಣಿಸಿದ ಲೆಕ್ಕ. ದರ ಬರುವುದು ಸಾರ್ವಜನಿಕ ಬಾಂಧಕಾಮ ಇಲಾಖೆಯ ದರಪಟ್ಟಿಯಿಂದ. ಮೊದಲು ಜಿಲ್ಲಾ ದರಪಟ್ಟಿ, ಅಂದರೆ ಡಿ.ಎಸ್.ಆರ್. ಇತ್ತು, ನಂತರ ರಾಜ್ಯಕ್ಕೆ ಒಂದೇ ಎಸ್.ಎಸ್.ಆರ್. ಬಂತು. ಖಡಿ-ಮುರುಮ ತರುವ ದೂರ, ಅಂದರೆ 'ಲೀಡ್', ಮತ್ತು ಮೇಲಿನ ತೆರಿಗೆ ಇದಕ್ಕೆ ಸೇರುತ್ತವೆ. ಕಿರಾಣಿ ಅಂಗಡಿಯ ಉದ್ರಿ ಚೀಟಿ ಓದಬಲ್ಲವರು ಇದನ್ನೂ ಓದಬಹುದು.

ಒಂದು ಕಿಲೋಮೀಟರ್ ರಸ್ತೆ ತಗೊಳ್ಳಿ. ಅಗಲ 3.75 ಮೀಟರ್. ಒಟ್ಟು 3,750 ಚದರ ಮೀಟರ್ ಆಯಿತು. ಅದರ ಮೇಲೆ ಗಟ್ಟಿ ಕೂತ ನಂತರ 75 ಮಿ.ಮೀ. ಉಳಿಯುವಂತೆ ಖಡಿಯ ಒಂದು ಥರ ಹಾಸಬೇಕೆಂದರೆ ಸುಮಾರು 340 ಘನ ಮೀಟರ್ ಸಡಿಲ ಖಡಿ ಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ 120 ಬ್ರಾಸ್. ಮೇಲೆ 20 ಮಿ.ಮೀ. ಕಾರ್ಪೆಟ್ ಹಾಸಲು, 10 ಚದರ ಮೀಟರಿಗೆ 14.6 ಕಿಲೋ ಹಿಡಿದರೆ, ಸುಮಾರು ಐದೂವರೆ ಟನ್ ಡಾಂಬರು. ಸೀಲ್ ಕೋಟಿನ ಡಾಂಬರು ಬೇರೆ. ಕಾರ್ಪೆಟ್ 20ರ ಬದಲು 15 ಮಿ.ಮೀ. ಬಿದ್ದರೆ ಕಾಲು ಪಾಲು ಮಾಲು ರಸ್ತೆಗೆ ಬಂದೇ ಇಲ್ಲವೆಂದು ಲೆಕ್ಕ. ಎಷ್ಟು ಟ್ರಿಪ್ ಬಂತೆಂದು ಎಣಿಸಲು ಇಂಜಿನಿಯರೇ ಆಗಬೇಕಿಲ್ಲ. ದಾರಿ ಮಗ್ಗುಲ ಮನೆಯ ಅಜ್ಜನೂ ಎಣಿಸಬಲ್ಲ. ಆದರೆ ಎಷ್ಟು ಬರಬೇಕಿತ್ತು ಎಂಬುದು ಅವನಿಗೆ ಗೊತ್ತಿರಬೇಕಲ್ಲ?

ಇನ್ನು ದೊಡ್ಡ ತಪ್ಪು ಕಳವಿನದಲ್ಲ, ಬಿಟ್ಟುಹೋದ ಬಾಬುಗಳದು. ನಮ್ಮದು ಎರಿ ಭೂಮಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಇಂಥ ಮಣ್ಣನ್ನು ನಾಲ್ಕು ದಿನ ನೀರಲ್ಲಿ ನೆನೆಸಿ ಸಿ.ಬಿ.ಆರ್. ಪರೀಕ್ಷೆ ಮಾಡಿ, ಅದರ ತ್ರಾಣ ನೋಡಿ ಕೆಳಗಿನ ಥರ ಎಷ್ಟು ದಪ್ಪ ಬೇಕೆಂದು ಗೊತ್ತು ಮಾಡಬೇಕು. ಎರಿ ಮಣ್ಣಿನಲ್ಲಿ ಈ ಅಂಕಿ 2-3 ಟಕ್ಕೆಗೆ ಇಳಿಯುವುದು ಸಾಮಾನ್ಯ. ಪರೀಕ್ಷೆ ಬಿಟ್ಟು ಹಳೆಯ ಕೆಲಸದ ಅಂದಾಜನ್ನೇ ನಕಲು ಮಾಡಿ ಊರ ಹೆಸರು ಬದಲಿಸಿದರೆ ಆ ರಸ್ತೆ ಹುಟ್ಟುವಾಗಲೇ ಕುಂಟು. ಮಗ್ಗುಲಿನ ಗಟಾರ, ಹಳ್ಳದ ಮೋರಿ 'ಮುಂದಿನ ಹಂತದಾಗ ನೋಡೋಣ' ಎಂದು ಬಿಟ್ಟರೆ ಪ್ರಾಮಾಣಿಕ ಠೇಕೇದಾರನೂ ಆ ರಸ್ತೆ ಉಳಿಸಲಾರ.

ಕಬ್ಬಿನ ಮಾತೂ ಹೀಗೇ. ಬೇಸಿಗೆಯಲ್ಲಿ ವಾಹನ ಎಣಿಸಿ 'ಓಡಾಟ ಕಡಿಮೆ' ಎಂದು ಬರೆದರೆ ನುರಿಸುವ ಹಂಗಾಮಿನ ಟ್ರಾಲಿಗಳನ್ನು ಯಾರು ಎಣಿಸಬೇಕು? 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ಲಾರಿ ಓಡಿಸಿ ನಡೆಸಿದ ಪ್ರಯೋಗದಿಂದ ತಿಳಿದದ್ದು, ಅಚ್ಚಿನ ಮೇಲೆ ಭಾರ ಎರಡು ಪಟ್ಟಾದರೆ ರಸ್ತೆಗೆ ಪೆಟ್ಟು ಸುಮಾರು ಹದಿನಾರು ಪಟ್ಟು. ನಮ್ಮ ದೇಶದ ಗ್ರಾಮೀಣ ರಸ್ತೆಗಳ ನಿಯಮಾವಳಿಯೂ ಸುಗ್ಗಿಯ ಓಡಾಟವನ್ನು ಸೇರಿಸಿ ಲೆಕ್ಕ ಹಿಡಿಯಬೇಕೆಂದೇ ಹೇಳುತ್ತದೆ.

ಹಣದ ಕಡೆಗೆ ಬಂದರೆ ಅಂದಾಜು ಹಳಸುವುದೂ ಒಂದು ರೋಗ. ಸರಕಾರಿ ರಸ್ತೆ ಕಾಮಗಾರಿಯ ಜಿ.ಎಸ್.ಟಿ. 2022ರ ಜುಲೈ 18ರಿಂದ 12ರ ಬದಲು 18 ಟಕ್ಕೆ ಆಯಿತು. ಒಂದು ಕೋಟಿ ಕೆಲಸಕ್ಕೆ 6 ಲಕ್ಷ ಹೆಚ್ಚು. ಡಾಂಬರಿನ ದರವೂ ನಿಂತಲ್ಲಿ ನಿಲ್ಲುವುದಿಲ್ಲ. ಮಂಜೂರಿ ಸಿಕ್ಕ ಅಂದಾಜು ವರ್ಷಗಟ್ಟಲೆ ಕಪಾಟಿನಲ್ಲಿ ಕೂತರೆ ಆ ಕೊರತೆಯನ್ನು ಯಾರಾದರೂ ತುಂಬಲೇಬೇಕು. ಮೇಲಿಂದ ಟೆಂಡರು 20-25 ಟಕ್ಕೆ 'ಬಿಲೋ' ಹೋಯಿತೆಂದರೆ ಸರಕಾರಕ್ಕೆ ಉಳಿತಾಯವೆಂದು ಹಿಗ್ಗುವಂತಿಲ್ಲ. ಒಂದೋ ಅಂದಾಜು ಉಬ್ಬಿತ್ತು, ಇಲ್ಲವೇ ಖಡಿ ಸೊರಗಲಿದೆ. ಎರಡರಲ್ಲಿ ಯಾವುದೆಂದು ಕೇಳುವ ಹಕ್ಕು ನಮ್ಮದು.

ಈ ಹಕ್ಕು ಬರೀ ಮಾತಿನದಲ್ಲ. ಮಾಹಿತಿ ಹಕ್ಕು ಕಾಯ್ದೆ, 2005ರ ಪ್ರಕಾರ ಅಂದಾಜು ಪತ್ರಿಕೆಯ ಪ್ರತಿ ಕೇಳಬಹುದು, ಕೆಲಸವನ್ನು ಖುದ್ದು ಪರಿಶೀಲಿಸಬಹುದು, ಮಾಲಿನ ಪ್ರಮಾಣಿತ ಮಾದರಿಯನ್ನೂ ಪಡೆಯಬಹುದು. ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಗ್ರಾಮೀಣ ರಸ್ತೆಯಾದರೆ ಜಿಲ್ಲಾ ಪರಿಷತ್ತಿನ ಬಾಂಧಕಾಮ ವಿಭಾಗ, ರಾಜ್ಯ ಹೆದ್ದಾರಿಯಾದರೆ ಸಾರ್ವಜನಿಕ ಬಾಂಧಕಾಮ ಇಲಾಖೆ.

'ನಮಗ ಮರಾಠಿ ಬರೆಯಾಕ ಬರೂದಿಲ್ಲರಿ' ಎಂದು ನಮ್ಮ ಕನ್ನಡ ಮನೆಗಳ ಹಿರಿಯರು ಹಿಂಜರಿಯುವುದುಂಟು. ಬರೆಯಲಾಗದವರ ಮೌಖಿಕ ಕೋರಿಕೆಯನ್ನು ಬರವಣಿಗೆಗೆ ಇಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕೆಂದು ಅದೇ ಕಾಯ್ದೆಯ 6ನೇ ಕಲಮು ಹೇಳುತ್ತದೆ. ಮರಾಠಿ ಶಾಲೆಗೆ ಹೋಗುವ ಮೊಮ್ಮಕ್ಕಳು ಮನೆಯಲ್ಲೇ ಇದ್ದಾರೆ, ಅವರಿಂದ ಓದಿಸಿ. ಅಜ್ಜನಿಗೆ ದಾರಿಯ ನೀರು ಎಲ್ಲಿ ನಿಲ್ಲುತ್ತದೆಂದು ಗೊತ್ತು, ಮೊಮ್ಮಗಳಿಗೆ ಅಂದಾಜಪತ್ರಕ ಓದಲು ಗೊತ್ತು. ಇಬ್ಬರೂ ಕೂಡಿದರೆ ಮೋರಿ ಬಿಟ್ಟುಹೋದದ್ದು ಆ ಸಂಜೆಯೇ ತಿಳಿಯುತ್ತದೆ.

ಸಂಬಂಧಪಟ್ಟ ಇಲಾಖೆಗಳಿಗೂ ಒಂದು ಮಾತು. ಕೆಲಸ ಶುರುವಾಗುವ ಮೊದಲೇ ಪ್ರತಿ ರಸ್ತೆಯ ಅಂದಾಜನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಖಡಿ, ಮುರುಮ, ಡಾಂಬರಿನ ಪ್ರಮಾಣವನ್ನು ಫಲಕದ ಮೇಲೆ ಬರೆಯಲಿ. ಕನ್ನಡದವರು ಹೆಚ್ಚಿರುವ ಊರಲ್ಲಿ ಮರಾಠಿಯ ಜೊತೆ ಕನ್ನಡದಲ್ಲೂ ನಾಲ್ಕು ಸಾಲು ಬರೆದರೆ ಖರ್ಚು ಹೆಚ್ಚೇನೂ ಬರದು. ತೆಗ್ಗು ಬಿದ್ದ ಮೇಲೆ ಮೋರ್ಚಾ ಒಯ್ಯುವುದು ಇದ್ದೇ ಇದೆ. ಆದರೆ ಹೆರಿಗೆ ನೋವಿನ ಹೆಣ್ಣುಮಗಳನ್ನು ಹೊತ್ತ ಜೀಪು ವಸ್ತಿ ದಾರಿಯ ಕೆಸರಲ್ಲಿ ಸಿಕ್ಕಾಗ ಮೋರ್ಚಾ ಉಪಯೋಗಕ್ಕೆ ಬರುವುದಿಲ್ಲ. ಈ ಸಲ ಕಾಗದವನ್ನೇ ಮೊದಲು ಕೇಳೋಣ.