ತಾರೀಖಿನ ಪಕ್ಕ ಎರಡು ಕನ್ನಡ ಪದ ಬರಲಿ

ಕರಜಗಿಯಲ್ಲಿ ಕಿರಾಣಿ ಅಂಗಡಿ ನಡೆಸುವವನು ನಾನು. ನಮ್ಮೂರು ಅಫಜಲಪುರ ತಾಲ್ಲೂಕಿನ ಹೋಬಳಿ ಕೇಂದ್ರ, ಮಹಾರಾಷ್ಟ್ರದ ಗಡಿ ಹತ್ತಿರ. ಹೀಗಾಗಿ ಮಾಲು ಕಲಬುರಗಿಯಿಂದಲೂ ಬರುತ್ತದೆ, ಸೊಲ್ಲಾಪುರದಿಂದಲೂ ಬರುತ್ತದೆ. ಚಹಾಪುಡಿ, ಬಿಸ್ಕೀಟು, ಮಸಾಲೆ, ಮಕ್ಕಳ ತಿನಿಸು ಎಲ್ಲದರ ಹಿಂಬದಿಯಲ್ಲೂ ಸಣ್ಣ ಅಕ್ಷರಗಳು ತುಂಬಿರುತ್ತವೆ. ಕೊಳ್ಳುವವರಲ್ಲಿ ಬಹಳ ಜನಕ್ಕೆ ಅವನ್ನು ಓದಲು ಬರುವುದಿಲ್ಲ.

“ತಾರೀಖ ಮುಗದದೇನ ನೋಡು ತಮ್ಮಾ” ಎಂದು ವಯಸ್ಸಾದವರು ಪಾಕೀಟನ್ನು ನನ್ನ ಕೈಗೇ ಕೊಡುತ್ತಾರೆ. ತಾರೀಖು ಮುಗಿದಿದ್ದರೆ ನಷ್ಟ ಆಗುವುದು ನನಗೆ. ಅದನ್ನು ಹೇಳಬೇಕಾದವನೂ ನಾನೇ. ಅಂಗಡಿಯವನು ಎಷ್ಟೇ ಪ್ರಾಮಾಣಿಕನಿರಲಿ, ಕೊಳ್ಳುವವರ ಆರೋಗ್ಯ ಅವನ ಮನಸ್ಸಿನ ಮೇಲೆ ನಿಲ್ಲಬಾರದು. ಲೇಬಲ್ ಇರುವುದೇ ಅದಕ್ಕೆ.

ಕಾನೂನು ಇಲ್ಲವೆಂದಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ 2020ರಲ್ಲಿ ಲೇಬಲ್ ನಿಯಮಗಳು ಬಂದಿವೆ. ಏನೇನು ಹಾಕಿ ಮಾಡಿದ್ದು, ಯಾವುದು ಹೆಚ್ಚು ಯಾವುದು ಕಡಿಮೆ ಎಂಬ ಕ್ರಮದಲ್ಲಿ ಬರೆಯಬೇಕು. ಶೇಂಗಾ, ಹಾಲು, ಗೋಧಿ, ಸೋಯಾ ಇದ್ದರೆ ಅಲರ್ಜಿ ಇರುವವರಿಗಾಗಿ ಬೇರೆಯಾಗಿ ತಿಳಿಸಬೇಕು. ತಯಾರಾದ ಇಲ್ಲವೇ ಪ್ಯಾಕ್ ಮಾಡಿದ ತಾರೀಖು, ಬಳಕೆಯ ಕೊನೆಯ ತಾರೀಖು ಎರಡೂ ಇರಬೇಕು. ಆದರೆ ಭಾಷೆಯ ವಿಷಯಕ್ಕೆ ಬಂದರೆ ನಿಯಮ ಕೇಳುವುದು ಇಂಗ್ಲಿಷನ್ನು, ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯನ್ನು. ಕನ್ನಡವನ್ನು ಬೇಕಿದ್ದರೆ ಸೇರಿಸಿಕೊಳ್ಳಬಹುದು, ಅಷ್ಟೇ.

ನಮ್ಮ ರಾಜ್ಯದ್ದೂ ಒಂದು ಕಾಯ್ದೆ ಇದೆ, 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ. ರಾಜ್ಯದಲ್ಲಿ ತಯಾರಾಗುವ ಸರಕಿನ ಹೆಸರು, ಬಳಸುವ ವಿವರ ಕನ್ನಡದಲ್ಲಿಯೂ ಇರಬೇಕೆಂಬುದು ಅದರ ಆಶಯ. ಒಳ್ಳೆಯದೇ. ಆದರೆ ಗಡಿಯಾಚೆ ತಯಾರಾಗಿ ಬರುವ ಮಾಲಿಗೆ ಅದು ತಾಗುವುದಿಲ್ಲ. ಇನ್ನು ಬ್ರ್ಯಾಂಡಿನ ಹೆಸರನ್ನು ದಪ್ಪ ಕನ್ನಡದಲ್ಲಿ ಮುದ್ರಿಸಿ, ತಾರೀಖು ಮತ್ತು ಅಲರ್ಜಿಯ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲೇ ಬಿಟ್ಟರೆ ತಿನ್ನುವವರಿಗೆ ಏನು ಸಿಕ್ಕಿತು?

ನಾನು ಕೇಳುವುದು ದೊಡ್ಡದಲ್ಲ. ಅಂಕಿಗಳು ಎಲ್ಲರಿಗೂ ಬರುತ್ತವೆ. ದಿನವೂ ಮೊಬೈಲ್ ನಂಬರ್ ಒತ್ತುವ ಜನ. ಅವರಿಗೆ ತಿಳಿಯದಿರುವುದು ಎರಡು ತಾರೀಖುಗಳಲ್ಲಿ ಮಾಲು ತಯಾರಾದದ್ದು ಯಾವುದು, ಮುಗಿಯುವುದು ಯಾವುದು ಎಂಬುದು. ಒಂದರ ಪಕ್ಕ ‘ತಯಾರಾದದ್ದು’, ಇನ್ನೊಂದರ ಪಕ್ಕ ‘ಕೊನೆಯ ದಿನ’ ಎಂದಿದ್ದರೆ ಸಾಕು. ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಕಂಡರೆ ಸಸ್ಯಾಹಾರ ಎಂದು ಓದು ಬಾರದವರೂ ನಮ್ಮಲ್ಲಿ ಗುರುತಿಸುತ್ತಾರೆ. ದೇಶವಿಡೀ ಒಂದೇ ಗುರುತನ್ನು ಕಡ್ಡಾಯ ಮಾಡಿದ್ದರಿಂದ ಅದು ಸಾಧ್ಯವಾಯಿತು.

ಅಂಗಡಿಕಾರರಿಗೂ ಒಂದು ಮಾತಿದೆ. ತೀರ ಸಣ್ಣ ಪಾಕೀಟುಗಳಿಗೆ ನಿಯಮದಲ್ಲಿ ವಿನಾಯಿತಿ ಇದೆ. ಮೇಲ್ಮೈ 100 ಚದರ ಸೆಂಟಿಮೀಟರ್ ದಾಟದಿದ್ದರೆ ಪದಾರ್ಥಗಳ ಪಟ್ಟಿ, ಬ್ಯಾಚ್ ನಂಬರ್‌ಗಳನ್ನು ಹೊರಗಿನ ದೊಡ್ಡ ಚೀಲ ಅಥವಾ ಡಬ್ಬಿಯ ಮೇಲಷ್ಟೇ ಹಾಕಬಹುದು. 30 ಚದರ ಸೆಂಟಿಮೀಟರಿಗಿಂತ ಚಿಕ್ಕದಾದರೆ ತಾರೀಖನ್ನೂ ಹಾಗೆಯೇ. ಒಂದು ರೂಪಾಯಿಯ ಚಾಕ್ಲೇಟು ಕೊಳ್ಳುವ ಹುಡುಗನ ಕೈಗೆ ಬರುವುದು ಬರೀ ಬಣ್ಣದ ಕಾಗದ. ಮಾಹಿತಿ ಇದ್ದ ಹೊರಚೀಲವನ್ನು ನಾವು ಹರಿದು, ಮಾಲನ್ನು ಬರಣಿಗೆ ಸುರಿದು, ಚೀಲವನ್ನು ಕಸಕ್ಕೆ ಎಸೆಯುತ್ತೇವೆ. ಆಮೇಲೆ ಆ ಚಾಕ್ಲೇಟಿನ ವಯಸ್ಸು ಯಾರಿಗೂ ಗೊತ್ತಿಲ್ಲ. ಮಾಲು ತೀರುವ ತನಕ ಆ ಚೀಲದ ತುಂಡನ್ನು ಬರಣಿಯೊಳಗೇ ಇಡುವುದಕ್ಕೆ ಖರ್ಚಿಲ್ಲ.

ಮಾಲು ಇಳಿಸಿಕೊಳ್ಳುವಾಗ ಪಾಕೀಟಿನ ಮೇಲಿನ ಆಹಾರ ಪರವಾನಗಿ ಸಂಖ್ಯೆಯನ್ನೂ ನೋಡಬೇಕು. ಅದು 14 ಅಂಕಿಯದು. ಮೊದಲ ಅಂಕಿ 1 ಇದ್ದರೆ ಪರವಾನಗಿ, 2 ಇದ್ದರೆ ಸಣ್ಣ ತಯಾರಕರ ನೋಂದಣಿ. ರಾಜ್ಯ ಮಟ್ಟದಲ್ಲಿ ಕೊಟ್ಟದ್ದಾದರೆ ಮುಂದಿನ ಎರಡು ಅಂಕಿ ರಾಜ್ಯದವು: ಕರ್ನಾಟಕಕ್ಕೆ 12, ಮಹಾರಾಷ್ಟ್ರಕ್ಕೆ 15. ಅಂಕಿ ಕಡಿಮೆ ಬಿದ್ದ ಸಂಖ್ಯೆ ಮುದ್ರಿಸಿದ ಖಾರದ ಪುಡಿ ನಮ್ಮ ಕಡೆಯ ಸಂತೆಗಳಲ್ಲಿ ಕಾಣುತ್ತದೆ. ಅಂಥದ್ದನ್ನು ವಾಪಸ್ ಕಳಿಸಲೇಬೇಕು.

ನನ್ನ ಚಿಂತೆ ಹೆಚ್ಚಾಗಿರುವುದು ನಮ್ಮದೇ ಹೆಣ್ಣುಮಕ್ಕಳ ಬಗ್ಗೆ. ‘ಕಲಬುರಗಿ ರೊಟ್ಟಿ’ ಈಗ ಹೆಸರು ಮಾಡಿದೆ. 2025ರ ಜೂನ್‌ನಲ್ಲಿ ಪ್ರಧಾನಿ ‘ಮನ್ ಕೀ ಬಾತ್’ನಲ್ಲಿ ಅದನ್ನು ಹೇಳಿದರು. ಅದರ ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ (ಚಟ್ನಿಪುಡಿ), ಹಪ್ಪಳ, ಶ್ಯಾವಿಗೆ ಮಾಡಿ ಮಾರುವ ಸಣ್ಣ ಸಣ್ಣ ಸಂಘಗಳು ಆಳಂದ, ಅಫಜಲಪುರ, ಜೇವರ್ಗಿ ಕಡೆ ಇವೆ. ಅವರು ಮಾಡುವ ಹಿಂಡಿಯ ರುಚಿಗೆ ಸಾಟಿಯಿಲ್ಲ. ತೊಂದರೆ ಇರುವುದು ಕವರಿನಲ್ಲಿ. ರಬ್ಬರ್ ಮೊಹರಿನಿಂದ ತಾರೀಖು ಒತ್ತಿರುತ್ತಾರೆ. ಶೇಂಗಾ ಎಣ್ಣೆ ಬಿಡುತ್ತದೆ, ಕವರಿಗೆ ಹತ್ತುತ್ತದೆ, ಹತ್ತು ಕೈ ದಾಟುವಷ್ಟರಲ್ಲಿ ಶಾಯಿ ಒರೆಸಿಹೋಗಿರುತ್ತದೆ. ‘ತಯಾರಿಸಿದ ದಿನದಿಂದ 3 ತಿಂಗಳು’ ಎಂಬ ಮುದ್ರಿತ ಸಾಲು ಉಳಿಯುತ್ತದೆ, ತಯಾರಿಸಿದ ದಿನ ಉಳಿಯುವುದಿಲ್ಲ. ಆಹಾರ ಸುರಕ್ಷತೆ ಕಾಯ್ದೆಯ 52ನೇ ಕಲಂ ಪ್ರಕಾರ ತಪ್ಪು ಲೇಬಲ್‌ಗೆ 3 ಲಕ್ಷ ರೂಪಾಯಿವರೆಗೆ ದಂಡವಿದೆ. ಹಿಂಡಿ ಕುಟ್ಟುವ ಹೆಣ್ಣುಮಗಳು ಅದನ್ನು ಎಲ್ಲಿಂದ ತರಬೇಕು?

ಹಾಗೆಂದು ನಿಯಮ ಸಡಿಲಿಸಿ ಎನ್ನಲಾರೆ. ಶೇಂಗಾ ಒಗ್ಗದ ಮಗುವಿಗೆ ಕಂಪನಿಯ ಪಾಕೀಟು, ಸಂಘದ ಪಾಕೀಟು ಎಂಬ ಭೇದವಿಲ್ಲ. ಆಹಾರ ಸುರಕ್ಷತಾ ಅಧಿಕಾರಿಗಳು ತಿಂಗಳಿಗೊಂದು ದಿನ ತಾಲ್ಲೂಕು ಕಚೇರಿಯಲ್ಲಿ ಕುಳಿತು, ಸಂಘದವರು ಲೇಬಲ್ ಮುದ್ರಿಸುವ ಮೊದಲೇ ಅದನ್ನು ನೋಡಿ ತಿದ್ದಿಕೊಡಲಿ. ಅಳಿಸದ ಶಾಯಿಯ ತಾರೀಖು ಯಂತ್ರವೊಂದನ್ನು ಹೋಬಳಿಗೊಂದರಂತೆ ಸಂಘಗಳ ಒಕ್ಕೂಟಕ್ಕೆ ಕೊಡಿಸಲಿ. ತಾರೀಖು ಮತ್ತು ಅಲರ್ಜಿಯ ಸಾಲುಗಳನ್ನು ಆಯಾ ರಾಜ್ಯದ ಭಾಷೆಯಲ್ಲಿ ಕಡ್ಡಾಯ ಮಾಡುವಂತೆ ರಾಜ್ಯ ಸರ್ಕಾರ ದೆಹಲಿಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರಕ್ಕೆ ಬರೆಯಲಿ, ಉತ್ತರ ಬರುವ ತನಕ ಬೆನ್ನು ಬಿಡದಿರಲಿ.