ಮುದಿ ನಾಯಿಯ ಗಂಟಿಗೆ ಕುಡಗೋಲು ಕಾಸಬ್ಯಾಡ್ರಿ

ಮೊನ್ನೆ ಎಡದಂಡೆ ಕಾಲುವೆ ಮಗ್ಗುಲಾಗ ಕಣ್ಣಾರೆ ಕಂಡದ್ದು. ಇಬ್ಬರು ಒಂದು ಮುದಿ ನಾಯಿಯ ಬಾಯಿಗೆ ಹಗ್ಗ ಬಿಗಿದು ಹಿಡಿದಿದ್ರು. ಮೂರನೆಯವ ಕುಡಗೋಲು ಕಾಸಿ ಅದರ ಬೆನ್ನ ಮೇಲಿನ ಗಂಟಿಗೆ ಚುಟಿಗಿ ಇಡ್ತಿದ್ದ. ಅಲ್ಲೇ ಜಗಳಾಡಿದೆ. "ಮುದಿ ನಾಯಿ ಸಲುವಾಗಿ ಇಷ್ಟ್ಯಾಕ ಸಿಟ್ಟು ಕಾಕಾ, ನಮ್ಮ ಮುತ್ಯಾನ ಕಾಲದಿಂದ ಮಾಡ್ಕೋತ ಬಂದೀವಿ" ಅಂದ್ರು. ಮುತ್ಯಾನ ಕಾಲದಾಗ ಚುಟಿಗಿ ಇಟ್ಟ ನಾಯಿ ಎಷ್ಟು ಉಳಿದ್ವು ಅಂತ ಯಾರು ಎಣಿಸ್ಯಾರ?

ಚುಟಿಗಿಯಿಂದ ಸುಡೋದು ಮೇಲಿನ ತೊಗಲು. ಗಂಟು ಒಳಗ ಹಂಗೇ ಇರ್ತದ. ಸುಟ್ಟ ಗಾಯಕ್ಕ ನೊಣ ಕೂತು ಹುಳ ಬೀಳ್ತಾವ, ಹುಳಕ್ಕ ಅಂತ ಫಿನಾಯಿಲ್ ಸುರಿತೀವಿ, ನಾಯಿ ಅದನ್ನ ನೆಕ್ತದ. ಸತ್ತ ಮೇಲೆ "ವಯಸ್ಸಾಗಿತ್ತು ಬಿಡು" ಅಂತೀವಿ.

ನಾನೇನು ಶಾಣ್ಯಾ ಅಲ್ಲ. ನಮ್ಮ ಕೆಂಪಿ ಹನ್ನೊಂದು ವರ್ಷ ಭತ್ತದ ಗದ್ದಿ ಕಾಯ್ದಾಕಿ. ಪಕ್ಕಡಿ ಮೇಲೆ ಲಿಂಬಿಹಣ್ಣಿನಷ್ಟು ಗಂಟಾಯ್ತು, ಹೆದರಿ ಆಸ್ಪತ್ರಿಗೆ ಒಯ್ದೆ. ಡಾಕ್ಟ್ರು ಸೂಜಿ ಚುಚ್ಚಿ ಒಳಗಿಂದು ತೆಗೆದು ನೋಡಿ, "ಇದು ಬರೀ ಕೊಬ್ಬಿನ ಗಂಟು, ತೊಂದ್ರಿ ಇಲ್ಲ" ಅಂದ್ರು. ಆದರ ಮೊಲೆ ಹತ್ರ ಕಡಲಿಕಾಳಿನಷ್ಟು ಇನ್ನೊಂದಿತ್ತು. ಅದು ನನಗ ಗೊತ್ತಿತ್ತು. ಸಣ್ಣದೈತಿ ಅಂತ ತೋರಿಸಲಿಲ್ಲ. ಆರು ತಿಂಗಳಿಗೆ ಅದು ಒಡೆದು ಸೋರಾಕ ಹತ್ತಿತು. ಅಷ್ಟೊತ್ತಿಗೆ ಕ್ಯಾನ್ಸರ್ ಪುಪ್ಪುಸಕ್ಕ ಹೋಗಿತ್ತು. ದೊಡ್ಡದಕ್ಕ ಹೆದರಿದೆ, ಕೊಂದದ್ದು ಸಣ್ಣದು.

ಆಪರೇಶನ್ ಮಾಡಿಸದ ಹೆಣ್ಣು ನಾಯಿಗೆ ವಯಸ್ಸಾದ ಮೇಲೆ ಮೊಲೆ ಗಂಟು ಬಹಳ. ಅದರಾಗ ಹೆಚ್ಚುಕಮ್ಮಿ ಅರ್ಧದಷ್ಟು ಕೆಟ್ಟವು. ಮೊದಲ ಬೆದೆಗಿಂತ ಮುಂಚೆ ಆಪರೇಶನ್ ಆದ್ರ ಈ ಕಾಟ ಭಾಳ ಕಡಿಮಿ. ನನಗ ಹೇಳಿದಾಗ ನಾನು ನಕ್ಕಿದ್ದೆ.

ಕೀವಿನ ಕುರ ಬ್ಯಾರೆ. ಎರಡು ಮೂರು ದಿನದಾಗ ಏಳ್ತದ, ಮುಟ್ಟಿದ್ರ ಬಿಸಿ, ನಾಯಿ ಚೀರ್ತದ. ಮುಳ್ಳು ಚುಚ್ಚಿರ್ತದ ಇಲ್ಲಾ ಇನ್ನೊಂದು ನಾಯಿ ಕಚ್ಚಿರ್ತದ. ಬಿಸಿನೀರಿನ ಅರಿವಿ ಇಡ್ರಿ, ಆದರ ಹಿಂಡಬ್ಯಾಡ್ರಿ. ಕೀವು ಒಳಗೇ ಹರಡ್ತದ. ಡಾಕ್ಟ್ರು ಕೊಯ್ದು ತೆಗೆದು ಔಷಧಿ ಕೊಡ್ತಾರ. ನೋವಿಗೆ ಅಂತ ಮನುಷ್ಯರ ಮಾತ್ರಿ ಕೊಟ್ಟೀರಿ, ಪ್ಯಾರಾಸಿಟಮಾಲ್, ಐಬುಪ್ರೊಫೇನ್ ನಾಯಿಗೆ ವಿಷ ಆಗ್ತಾವ. ಉಣ್ಣಿಗೆ ಅಂತ ಬೆಳಿಗೆ ಹೊಡಿಯೋ ಕ್ಲೋರೋಪೈರಿಫಾಸ್ ಹಚ್ಚೋರೂ ಅದಾರ, ಅವರಿಗೆ ಏನು ಹೇಳಲಿ.

"ದನಕ್ಕ ಡಾಕ್ಟ್ರು ಸಿಗೋದೇ ಕಷ್ಟ, ನಾಯಿಗೆ ಎಲ್ಲಿ ತರೋದು" ಅಂತೀರಿ. ಖರೇ ಐತಿ. ಆದರ ಮೊಬೈಲ್ ಕವರ್ ತರಾಕ ಹೊಳಿ ದಾಟಿ ಹೊಸಪೇಟಿಗೆ ಹೋಗ್ತೀವಲ್ರಿ? ಮುಧೋಳ ನಾಯಿ ಚಿತ್ರ 2005ರಾಗ ಅಂಚೆಚೀಟಿ ಮೇಲೆ ಬಂತು, ನಮ್ಮ ಕಡೆ ನಾಯಿ ಅಂತ ಎದಿ ಉಬ್ಬಿಸ್ತೀವಿ. ನಮ್ಮ ಅಂಗಳದ ನಾಯಿಗೆ ಮಾತ್ರ ಕುಡಗೋಲು.

ವಾರಕ್ಕೊಮ್ಮೆ ಉಣ್ಣಿ ತೆಗಿಯುವಾಗ ಕುತ್ತಿಗಿ, ಕಂಕುಳ, ಮೊಲೆ, ಬಾಲದ ಬುಡ ಕೈಯಾಡಿಸಿ ನೋಡ್ರಿ. ಗಂಟು ಸಿಕ್ರ ಪಕ್ಕದಾಗ ಒಂದು ರೂಪಾಯಿ ಇಟ್ಟು ಫೋಟೋ ಹೊಡೀರಿ. ತಿಂಗಳಿಗೆ ಇನ್ನೊಂದು ಹೊಡೀರಿ. ಆದರ ಬೆಳೀತದೋ ಇಲ್ಲೋ ನೋಡೋಣು ಅಂತ ಕಾಯಬ್ಯಾಡ್ರಿ, ಮೊದಲ ಫೋಟೋ ಹಿಡ್ಕೊಂಡೇ ಡಾಕ್ಟ್ರ ಹತ್ರ ಹೋಗ್ರಿ.

ನಮ್ಮ ಮನ್ಯಾಗ ಈಗ ಹೆಣ್ಣು ಮರಿ ಐತಿ, ಬರೋ ತಿಂಗಳು ಆಪರೇಶನ್. ಕುಡಗೋಲಿನ ಹುಡುಗರಿಗೂ ಹೇಳೀನಿ, ಆ ನಾಯಿನ ಆಸ್ಪತ್ರಿಗೆ ಒಯ್ಯೋದಾದ್ರ ನನ್ನ ಗಾಡಿ ಐತಿ. ಇನ್ನಾ ಫೋನ್ ಬಂದಿಲ್ಲ.